ಮಟಮಾರಿಯಿಂದ ದುಬೈ ಎಷ್ಟು ದೂರ?

ಎರಡು ಊರಿನ ಹೆಸರು ಕೊಟ್ಟರೆ ನಡುವಿನ ದೂರ ಹೇಳುವ ಜಾಲತಾಣಗಳು ಈಗ ಬೇಕಾದಷ್ಟಿವೆ. ರಾಯಚೂರು, ದುಬೈ ಎಂದು ಬರೆದರೆ ಸುಮಾರು 2,500 ಕಿ.ಮೀ. ಎಂಬ ಉತ್ತರ ಬರುತ್ತದೆ. ಕೆಲವು ಜಾಲತಾಣಗಳು ಅಲ್ಲಿಗೆ ಬಿಡದೆ, ಆ ಸಂಖ್ಯೆಯನ್ನು 900ರಿಂದ ಭಾಗಿಸಿ ಪ್ರಯಾಣದ ಅವಧಿ 2 ಗಂಟೆ 47 ನಿಮಿಷ ಎಂದೂ ಹೇಳಿಬಿಡುತ್ತವೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ರಾಯಚೂರು ಪಕ್ಕದ ಮಟಮಾರಿಯ ಹುಡುಗನೊಬ್ಬ ಮನೆ ಬಿಟ್ಟು 2 ಗಂಟೆ 47 ನಿಮಿಷ ಆಗುವ ಹೊತ್ತಿಗೆ ಮಹಬೂಬನಗರ ದಾಟಿದ್ದರೆ ಅದೇ ಪುಣ್ಯ. ಅವನು ದುಬೈನ ಕೋಣೆಯಲ್ಲಿ ಬ್ಯಾಗು ಇಳಿಸುವಾಗ ಹದಿನಾಲ್ಕು ಗಂಟೆ ಮೀರಿರುತ್ತದೆ.

ಈ ಎರಡು ಅಂಕಿಗಳ ನಡುವಿನ ಅಂತರ ಎಲ್ಲಿ ಹೋಯಿತು ಎಂದು ತಿಳಿದವರಿಗೆ ವಿಮಾನ ತಪ್ಪುವುದು ಕಡಿಮೆ. ಮೊದಲ ಸಲ ಕೊಲ್ಲಿ ದೇಶಕ್ಕೆ ಹೊರಟವರಿಗೂ, ಉಮ್ರಾ ಅಥವಾ ಹಜ್‌ಗೆ ಹೊರಟ ಹಿರಿಯರಿಗೂ, ಮಗನನ್ನೋ ಅಳಿಯನನ್ನೋ ಕರೆತರಲು ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಗಾಡಿ ಮಾಡಿಕೊಂಡು ಹೋಗುವವರಿಗೂ ಇದು ಬೇಕಾದ ಲೆಕ್ಕ.

ಮೊದಲು ಆ 2,500 ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ, ಶಾಲೆಯಲ್ಲಿ ಕಲಿತ ಪೈಥಾಗೊರಸ್ ಸಾಕು. ರಾಯಚೂರು ಇರುವುದು ಹೆಚ್ಚುಕಡಿಮೆ 16.2 ಡಿಗ್ರಿ ಉತ್ತರ ಅಕ್ಷಾಂಶ, 77.4 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದುಬೈ ಇರುವುದು 25.2 ಡಿಗ್ರಿ ಉತ್ತರ, 55.4 ಡಿಗ್ರಿ ಪೂರ್ವದಲ್ಲಿ. ಅಂದರೆ ನಾವು ಉತ್ತರಕ್ಕೆ 9 ಡಿಗ್ರಿ, ಪಶ್ಚಿಮಕ್ಕೆ 22 ಡಿಗ್ರಿ ಸರಿಯಬೇಕು. ಅಕ್ಷಾಂಶದ ಒಂದು ಡಿಗ್ರಿ ಭೂಮಿಯ ಮೇಲೆ ಎಲ್ಲೇ ಆದರೂ ಸುಮಾರು 111 ಕಿ.ಮೀ., ಹಾಗಾಗಿ ಉತ್ತರಕ್ಕೆ ಸಾವಿರ ಕಿ.ಮೀ. ಆಯಿತು. ರೇಖಾಂಶದ ಡಿಗ್ರಿ ಹಾಗಲ್ಲ, ಸಮಭಾಜಕದಿಂದ ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ನಮ್ಮ ದಾರಿಯ ನಡುಭಾಗದಲ್ಲಿ ಅದು ಸುಮಾರು 104 ಕಿ.ಮೀ. ಇಪ್ಪತ್ತೆರಡರಿಂದ ಗುಣಿಸಿದರೆ ಪಶ್ಚಿಮಕ್ಕೆ 2,290 ಕಿ.ಮೀ. ಈ ಎರಡನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ 2,500 ಬರುತ್ತದೆ. ಭೂಮಿಯ ದುಂಡನ್ನು ಗಣನೆಗೆ ತೆಗೆದುಕೊಂಡು ಮಾಡುವ ಪೂರ್ತಿ ಲೆಕ್ಕಕ್ಕೂ ಇದಕ್ಕೂ ಹತ್ತು ಕಿ.ಮೀ. ವ್ಯತ್ಯಾಸವೂ ಬರುವುದಿಲ್ಲ. ಅಮೆರಿಕದಂಥ ದೂರದ ದೇಶಗಳಿಗೆ ಮಾತ್ರ ಈ ಉಪಾಯ ನಡೆಯದು, ಅಲ್ಲಿ ಭೂಮಿಯ ಬಾಗು ಲೆಕ್ಕವನ್ನೇ ಕೆಡಿಸುತ್ತದೆ.

ಈ ನೇರ ಗೆರೆ ಯಾವ ಊರುಗಳ ಮೇಲೆ ಹಾಯುತ್ತದೆ ಎಂದು ನೋಡುವುದೂ ಒಂದು ಮೋಜು. ರಾಯಚೂರಿನಿಂದ ಹೊರಟು ವಿಜಯಪುರದ ಆಸುಪಾಸು, ಮುಂದೆ ಸಾತಾರಾ ಸೀಮೆ, ಮುಂಬೈಗೆ ತುಸು ದಕ್ಷಿಣದಲ್ಲಿ ಕಡಲು. ಆಮೇಲೆ ಒಂದೂವರೆ ಸಾವಿರ ಕಿ.ಮೀ.ಗೂ ಮೀರಿ ಬರೀ ನೀರು. ಒಮಾನಿನ ಸೊಹಾರ್ ಹತ್ತಿರ ಮತ್ತೆ ನೆಲ ಕಾಣುತ್ತದೆ. ಆದರೆ ರಾಯಚೂರಿನಿಂದ ಯಾರೂ ಈ ಗೆರೆಯ ಮೇಲೆ ಹೋಗುವುದಿಲ್ಲ. ದುಬೈ ಇರುವುದು ವಾಯವ್ಯಕ್ಕೆ, ನಾವು ಮೊದಲು ಹೊರಡುವುದು ಈಶಾನ್ಯಕ್ಕೆ, ಹೈದರಾಬಾದಿನ ಕಡೆ. ಅಲ್ಲಿಂದ ದುಬೈಗೆ ಆಕಾಶದಲ್ಲಿ ಸುಮಾರು 2,550 ಕಿ.ಮೀ. ನೂರೆಂಬತ್ತು ಇನ್ನೂರು ಕಿ.ಮೀ. ರಸ್ತೆಯಲ್ಲಿ ಹೋಗಿ ಆದಮೇಲೂ ದುಬೈ ನಮಗೆ ಐವತ್ತು ಕಿ.ಮೀ. ದೂರವೇ ಸರಿದಿರುತ್ತದೆ!

ಮಟಮಾರಿ ರಾಯಚೂರು ತಾಲ್ಲೂಕಿನ ಊರು. ರಾಯಚೂರು ಬಿಟ್ಟು ಗುಂತಕಲ್ ಕಡೆ ಹೋಗುವ ಹಳಿಯ ಮೇಲೆ, ತುಂಗಭದ್ರೆ ದಾಟುವುದಕ್ಕೆ ಮೊದಲು ಸಿಗುವ ಸಣ್ಣ ಸ್ಟೇಷನ್. ಮುಂಬೈಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಆದ್ದರಿಂದ ಹಡಗಿನ ಕಾಲದಲ್ಲಿ ಈ ಭಾಗದವರಿಗೆ ಪರದೇಶದ ಬಾಗಿಲು ಎಂದರೆ ಮುಂಬೈ. ರೈಲಿನಲ್ಲಿ ಸುಮಾರು 710 ಕಿ.ಮೀ., ಆಮೇಲೆ ಹಡಗು. ಮುಂಬೈ, ಕರಾಚಿ, ಮಸ್ಕತ್, ದುಬೈ ಎಂದು ಬಂದರಿನಿಂದ ಬಂದರಿಗೆ ನಿಲ್ಲುತ್ತ ಹೋಗುತ್ತಿದ್ದ ‘ದ್ವಾರಕಾ’ ಎಂಬ ಪ್ರಯಾಣಿಕರ ಹಡಗು 1982ರವರೆಗೂ ಓಡಿತು. ಅದರಲ್ಲಿ ಹೊರಟವರು ದೂರವನ್ನು ಕಿ.ಮೀ.ಗಳಲ್ಲಿ ಅಲ್ಲ, ದಿನಗಳಲ್ಲಿ ಎಣಿಸುತ್ತಿದ್ದರು.

ದೇಶದಿಂದ ದೇಶಕ್ಕೆ ದೂರ ಎಂಬ ಮಾತು ಬಂದಾಗ ಈ ಸೀಮೆಯ ಒಂದು ವಿಚಿತ್ರ ಹೇಳದೆ ಮುಂದೆ ಹೋಗಲಾಗದು. 1948ರವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ತುಂಗಭದ್ರೆಯ ಆಚೆ ದಡ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಮಟಮಾರಿಯವರು ಹೊಳೆ ದಾಟಿ ಆದೋನಿ ಸಂತೆಗೆ ಹೋದರೆ ಜೇಬಿನ ದುಡ್ಡೇ ಬೇರೆಯಾಗುತ್ತಿತ್ತು. ಈಚೆ ಹಾಲಿ ಸಿಕ್ಕಾ, ಆಚೆ ಕಲ್ದಾರ್ ರೂಪಾಯಿ. ಏಳು ಹಾಲಿ ಕೊಟ್ಟರೆ ಹೆಚ್ಚುಕಡಿಮೆ ಆರು ಕಲ್ದಾರ್. ಸಾಮಾನು ದಾಟಿಸಿದರೆ ನಿಜಾಮರ ಕರೋಡಗಿರಿ ಇಲಾಖೆಗೆ ಸುಂಕ ಬೇರೆ. ಅದೇ ಕಾಲದಲ್ಲಿ, ಎರಡೂವರೆ ಸಾವಿರ ಕಿ.ಮೀ. ಆಚೆಯ ದುಬೈ ಪೇಟೆಯಲ್ಲಿ ನಡೆಯುತ್ತಿದ್ದದ್ದು ಭಾರತದ ರೂಪಾಯಿ! 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಆ ಭಾಗಕ್ಕೆಂದೇ ‘ಗಲ್ಫ್ ರೂಪಾಯಿ’ ಎಂಬ ಪ್ರತ್ಯೇಕ ನೋಟು ಹೊರಡಿಸಿತು. 1966ರಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ ದುಬೈ ಅದನ್ನು ಕೈಬಿಟ್ಟಿತು. ಈಗಿನ ದಿರ್ಹಮ್ ಬಂದದ್ದು 1973ರಲ್ಲಿ. ಒಟ್ಟಿನಲ್ಲಿ ಹೊಳೆಯಾಚೆಯ ಸಂತೆಗೇ ದುಡ್ಡು ಬದಲಿಸಬೇಕಿತ್ತು, ಹಾಗೆ ಬದಲಿಸಿದ ದುಡ್ಡು ಕಡಲಾಚೆಯ ಪೇಟೆಯಲ್ಲೂ ನಡೆಯುತ್ತಿತ್ತು.

ಈಗಿನ ದಾರಿಗೆ ಬರೋಣ. ಶಂಷಾಬಾದಿನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮಾರ್ಚ್‌ನಲ್ಲಿ ಶುರುವಾಯಿತು. ರಾಯಚೂರಿನವರಿಗೆ ಇದೊಂದು ಅನುಕೂಲವೇ ಆಯಿತು. ಹಳೆಯ ಬೇಗಂಪೇಟೆ ನಿಲ್ದಾಣಕ್ಕೆ ಊರೊಳಗೆ ನುಗ್ಗಿ ಹೋಗಬೇಕಿತ್ತು. ಶಂಷಾಬಾದ್ ಇರುವುದು ಹೈದರಾಬಾದಿನ ದಕ್ಷಿಣಕ್ಕೆ, ನಾವು ಬರುವ ದಾರಿಯ ಮೇಲೇ. ಶಕ್ತಿನಗರ, ಮಕ್ತಲ್, ಮಹಬೂಬನಗರ, ಜಡ್ಚರ್ಲಾ, ಅಲ್ಲಿಂದ 44ನೇ ರಾಷ್ಟ್ರೀಯ ಹೆದ್ದಾರಿ. ರಾಯಚೂರಿನಿಂದ 180 ಕಿ.ಮೀ. ಆಸುಪಾಸು. ಜಡ್ಚರ್ಲಾದ ಆಚೆ ಗಾಡಿ ಓಡುವ ಹಾಗೆ ಈಚೆ ಓಡುವುದಿಲ್ಲ. ಕಾರಿಗೆ ನಾಲ್ಕು ಗಂಟೆ ಹಿಡಿಯಿರಿ, ಬಸ್ಸಿಗೆ ಐದು ಮೀರಿ.

ರೈಲು ನಂಬಬಹುದೇ? ಹೈದರಾಬಾದಿಗೆ ರೈಲೇನೋ ಇದೆ, ಆದರೆ ವಾಡಿ ಸುತ್ತಿ ಹೋಗುವ ರೈಲುಗಳೇ ಹೆಚ್ಚು. ನಿಜಾಮರ ರೈಲ್ವೆ 1874ರಲ್ಲಿ ಸಿಕಂದರಾಬಾದಿನಿಂದ ಬಂದು ಮುಂಬೈ ಹಳಿಯನ್ನು ಸೇರಿದ್ದು ವಾಡಿಯಲ್ಲಿ, ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ರಸ್ತೆಯಲ್ಲಿ ಇನ್ನೂರು ಚಿಲ್ಲರೆ ಕಿ.ಮೀ. ಇರುವ ಹೈದರಾಬಾದ್ ಆ ಹಳಿಯ ಮೇಲೆ ಸುಮಾರು ಮುನ್ನೂರು. ಇಳಿಯುವುದು ಊರ ನಡುವೆ, ಅಲ್ಲಿಂದ ಮತ್ತೆ ದಕ್ಷಿಣಕ್ಕೆ ನಿಲ್ದಾಣದ ಕಡೆ ವಾಪಸ್ಸು. ಹಗಲಿನ ವಿಮಾನಕ್ಕೆ, ಕೈಯಲ್ಲಿ ಹೊತ್ತಿರುವವರಿಗೆ ಸರಿ. ಬಸ್ಸಿನಲ್ಲಿ ಬಂದವರು ಮಹಾತ್ಮ ಗಾಂಧಿ ಬಸ್ ನಿಲ್ದಾಣದವರೆಗೆ ಹೋಗಬೇಕಿಲ್ಲ. ಶಂಷಾಬಾದಿನಲ್ಲೋ ಆರಾಂಘರ್‌ನಲ್ಲೋ ಇಳಿದರೆ ಆಟೋ, ಕ್ಯಾಬು ಸಿಗುತ್ತವೆ. ತೆಲಂಗಾಣ ಸಾರಿಗೆಯ ‘ಪುಷ್ಪಕ್’ ಬಸ್ಸುಗಳೂ ನಗರದಿಂದ ವಿಮಾನ ನಿಲ್ದಾಣಕ್ಕೆ ಓಡುತ್ತವೆ.

ರಾಯಚೂರು ದೋಆಬ್ ಸೀಮೆ, ಎರಡು ಹೊಳೆಗಳ ನಡುವಿನ ನೆಲ. ಉತ್ತರಕ್ಕೆ ಹೊರಟರೆ ಕೃಷ್ಣೆ, ದಕ್ಷಿಣಕ್ಕೆ ಹೊರಟರೆ ತುಂಗಭದ್ರೆ. ಸೇತುವೆ ಕೈಕೊಟ್ಟರೆ ಎಲ್ಲ ಲೆಕ್ಕವೂ ತಲೆಕೆಳಗು. ಹೈದರಾಬಾದ್ ದಾರಿಯಲ್ಲಿ ದೇವಸೂಗೂರಿನ ಹತ್ತಿರ ಕೃಷ್ಣೆಗೆ ನಿಜಾಮರ ಕಾಲದ ಕಮಾನು ಸೇತುವೆ ಇದೆ. ಅದರ ಹೆಸರು ಸಿರತ್-ಎ-ಜೂಡಿ. ಅದು ಕಟ್ಟಿದ ಕಾಲದ ಗಾಡಿಗಳಿಗೆ ತಕ್ಕ ಅಗಲದ್ದು. ಈಗಿನ ಲಾರಿಗಳು ಎದುರುಬದುರಾದರೆ ಜಾಮ್ ಖಂಡಿತ, ರಿಪೇರಿಗೆ ಬಂದ್ ಮಾಡಿದರೆ ಸುತ್ತು ದಾರಿಯೇ ಗತಿ. ದೇವದುರ್ಗದವರಿಗೆ ಇನ್ನೊಂದು ತಾಪತ್ರಯ. ನಾರಾಯಣಪುರ ಜಲಾಶಯದಿಂದ ನೀರು ಹೆಚ್ಚು ಬಿಟ್ಟಾಗ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ಶಹಾಪುರದ ಕಡೆಯ ದಾರಿ ಕಡಿದುಹೋಗುತ್ತದೆ. ಆಗಸ್ಟ್ ತಿಂಗಳಲ್ಲಿ ಹೊರಡುವವರು ಟಿಕೆಟ್ಟಿನ ಜೊತೆಗೆ ಹೊಳೆಯನ್ನೂ ನೋಡಿಕೊಳ್ಳಬೇಕು.

ಮಾನ್ವಿಯಿಂದಲೋ ದೇವದುರ್ಗದಿಂದಲೋ ಬರುವವರು ರಾಯಚೂರಿಗೇ ಒಂದು, ಒಂದೂವರೆ ಗಂಟೆ ಸೇರಿಸಿಕೊಳ್ಳಬೇಕು. ಮಟಮಾರಿಯದು ಹತ್ತಿರದ ಹಾದಿ, ಆದರೂ ಟಂಟಂ ತುಂಬುವವರೆಗೆ ಕಾಯುವ ಹೊತ್ತು ಯಾವ ಜಾಲತಾಣದ ಲೆಕ್ಕದಲ್ಲೂ ಬರುವುದಿಲ್ಲ. ಬಹಳ ಮನೆಗಳಲ್ಲಿ ಒಂದು ಕ್ರೂಸರ್ ಬಾಡಿಗೆಗೆ ಮಾಡಿ ಹತ್ತು ಮಂದಿ ಕಳಿಸಲು ಹೋಗುವುದು ರೂಢಿ. ಪ್ರೀತಿಯ ಮಾತು ಬೇರೆ, ಆದರೆ ಹತ್ತು ಮಂದಿ ಇದ್ದ ಗಾಡಿ ದಾರಿಯಲ್ಲಿ ಚಹಾಕ್ಕೆ ಎಷ್ಟು ಸಲ ನಿಲ್ಲುತ್ತದೆ ಎಂಬುದನ್ನೂ ವೇಳೆಗೆ ಕೂಡಿಸಬೇಕಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ, ತಾರೀಖು. ಕೊಲ್ಲಿಗೆ ಹೋಗುವ ಬಹಳಷ್ಟು ವಿಮಾನಗಳು ಏಳುವುದು ನಡುರಾತ್ರಿ ಮೀರಿದ ಮೇಲೆ. ಟಿಕೆಟ್ಟಿನಲ್ಲಿ 15ನೇ ತಾರೀಖು, 02:30 ಎಂದಿದೆ ಎನ್ನಿ. ಅದು 15ರ ರಾತ್ರಿಯಲ್ಲ. 14ರ ರಾತ್ರಿ ಊಟವಾಗಿ, ಹನ್ನೆರಡು ಹೊಡೆದು, ಮುಂದಿನ ಎರಡೂವರೆ. ನಮ್ಮ ಮಾತಿನಲ್ಲಿ ದಿನ ತಿರುಗುವುದು ಬೆಳಗಾದ ಮೇಲೆ, ವಿಮಾನದವರ ಪುಸ್ತಕದಲ್ಲಿ ತಿರುಗುವುದು ರಾತ್ರಿ ಹನ್ನೆರಡಕ್ಕೆ. ಆದ್ದರಿಂದ ಹಿಂದಕ್ಕೆ ಎಣಿಸಿ. ವಿಮಾನ 02:30ಕ್ಕೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ತಾಸು ಮೊದಲು ಅಲ್ಲಿರಬೇಕು, ಅಂದರೆ 14ರ ರಾತ್ರಿ 11:30ಕ್ಕೆ. ದಾರಿಗೆ ನಾಲ್ಕು ಗಂಟೆ, ಟೈರು ಪಂಕ್ಚರು, ಜಾಮು ಎಂದು ಒಂದು ಗಂಟೆ. ರಾಯಚೂರನ್ನು ಸಂಜೆ 6:30ಕ್ಕೆ ಬಿಡಬೇಕು, ಮಟಮಾರಿಯನ್ನು ಅದಕ್ಕೂ ಮುಕ್ಕಾಲು ಗಂಟೆ ಮೊದಲು. ‘15ಕ್ಕೆ ಅದಾನ್ರೀ ಫ್ಲೈಟು’ ಎಂದು 15ರ ಮಧ್ಯಾಹ್ನ ಆರಾಮಾಗಿ ಬಟ್ಟೆ ಮಡಚುತ್ತ ಕೂತವನ ವಿಮಾನ ಅಷ್ಟು ಹೊತ್ತಿಗೆ ದುಬೈ ಮುಟ್ಟಿ, ಅಲ್ಲಿಂದ ಬೇರೆ ಮಂದಿಯನ್ನು ಹತ್ತಿಸಿಕೊಂಡು ಹೋಗಿಯೂ ಆಗಿರುತ್ತದೆ.

ಮೂರು ತಾಸು ಸುಮ್ಮನೆ ಹೇಳುವ ಮಾತಲ್ಲ. ಸಾಮಾನು ಒಪ್ಪಿಸುವ ಕೌಂಟರನ್ನು ವಿಮಾನ ಹೊರಡುವ 60ರಿಂದ 75 ನಿಮಿಷ ಮೊದಲೇ ಮುಚ್ಚುತ್ತಾರೆ. ಆಮೇಲೆ ಇಮಿಗ್ರೇಷನ್, ಭದ್ರತಾ ತಪಾಸಣೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದಿರುತ್ತದೆ. 1983ರ ವಲಸೆ ಕಾಯ್ದೆಯಂತೆ ಅಂಥವರು ಸೌದಿ, ಯುಎಇ, ಕುವೈತ್ ಮೊದಲಾದ 18 ದೇಶಗಳಿಗೆ ಕೆಲಸದ ವೀಸಾದಲ್ಲಿ ಹೋಗುವಾಗ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಯ ಅನುಮತಿ ಬೇಕು. ಅರ್ಜಿ ‘ಇ-ಮೈಗ್ರೇಟ್’ ಜಾಲತಾಣದಲ್ಲಿ, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ. ಇದಿಲ್ಲದೆ ಹೋದವರನ್ನು ಇಮಿಗ್ರೇಷನ್ ಕೌಂಟರಿನಲ್ಲೇ ತಡೆದು ವಾಪಸ್ಸು ಕಳಿಸುತ್ತಾರೆ. ‘ಟೂರಿಸ್ಟ್ ವೀಸಾದಾಗ ಹೋಗು, ಅಲ್ಲಿ ಹೋದ ಮ್ಯಾಲ ನೋಡ್ಕೊಂಡ್ರಾಯ್ತು’ ಎನ್ನುವ ಏಜೆಂಟರ ಮಾತು ಕೇಳಬೇಡಿ. ಹಾಗೆ ಹೋಗಿ ಸಂಬಳವೂ ಇಲ್ಲದೆ ಕಾಗದವೂ ಇಲ್ಲದೆ ಸಿಕ್ಕಿಬಿದ್ದವರಿಗೆ ದುಬೈ ಎಷ್ಟು ದೂರ ಎಂಬುದು ವಾಪಸ್ಸು ಬರುವಾಗ ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹಾರಾಟ. ಟಿಕೆಟ್ಟಿನಲ್ಲಿ ಬರೆದಿರುವ ನಾಲ್ಕು ಗಂಟೆ ಬರೀ ಆಕಾಶದ ಹೊತ್ತಲ್ಲ. ಹೈದರಾಬಾದಿನಲ್ಲಿ ವಿಮಾನ ತನ್ನ ಜಾಗ ಬಿಟ್ಟು ಹಿಂದಕ್ಕೆ ಸರಿದಾಗಿನಿಂದ ದುಬೈನಲ್ಲಿ ಬಂದು ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ನಿಲ್ಲುವುದು, ಇಳಿಯುವಾಗ ಸುತ್ತು ಹಾಕುವುದು ಎಲ್ಲವೂ ಅದರೊಳಗೆ ಬಂತು. ಕಡಲ ಮೇಲೆ ಗೆರೆ ಇಲ್ಲದಿದ್ದರೂ ಆಕಾಶಕ್ಕೆ ಗಡಿ ಉಂಟು. ಅರ್ಧ ದಾರಿ ಮುಂಬೈನ ವಿಮಾನ ಸಂಚಾರ ನಿಯಂತ್ರಕರು ನೋಡಿಕೊಂಡರೆ ಮುಂದೆ ಮಸ್ಕತ್‌ನವರು.

ಬರುವಾಗ ಇದೇ ದೂರಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಡಿಮೆ ಹಿಡಿಯುತ್ತದೆ. ಕಾರಣ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಜೆಟ್ ಗಾಳಿ ಬೀಸುತ್ತದೆ. ದುಬೈ ಕಡೆ ಹೋಗುವ ವಿಮಾನ ಆ ಗಾಳಿಯ ಅಂಚಿಗೆ ಎದುರಾಗಿ ಹೋಗಬೇಕು, ಬರುವ ವಿಮಾನವನ್ನು ಅದೇ ಗಾಳಿ ದೂಡುತ್ತದೆ. ಮಳೆಗಾಲದಲ್ಲಿ ಈ ಗಾಳಿ ಹಿಮಾಲಯದ ಆಚೆ ಸರಿಯುತ್ತದೆ. ದಕ್ಷಿಣ ಭಾರತದ ಮೇಲೆ ಆಗ ಪೂರ್ವದಿಂದ ಪಶ್ಚಿಮಕ್ಕೆ ಬೇರೊಂದು ಜೆಟ್ ಗಾಳಿ ಏಳುತ್ತದೆ, ಅದನ್ನು 1958ರಲ್ಲಿ ವಿವರಿಸಿದವರು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದು ವಿಮಾನಗಳಿಗಿಂತ ಮೇಲೆ ಹರಿಯುವುದೇ ಹೆಚ್ಚು. ಹೇಗೂ ಜುಲೈ, ಆಗಸ್ಟ್‌ನಲ್ಲಿ ಹೋಗುವ, ಬರುವ ಹೊತ್ತಿನ ಅಂತರ ಕಡಿಮೆಯಾಗುತ್ತದೆ.

ಟಿಕೆಟ್ ನೋಡಿ ಗೊಂದಲವಾಗುವ ಇನ್ನೊಂದು ವಿಷಯ ಗಡಿಯಾರ. ಹೋಗುವಾಗ 02:30ಕ್ಕೆ ಹೊರಟು 05:00ಕ್ಕೆ ಮುಟ್ಟುತ್ತದೆ ಎಂದಿರುತ್ತದೆ. ಎರಡೂವರೆ ಗಂಟೆಯಲ್ಲ, ನಾಲ್ಕು. ಎರಡೂ ಆಯಾ ಊರಿನ ವೇಳೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ರಾಯಚೂರಿಗೂ ದುಬೈಗೂ ನಡುವೆ 22 ಡಿಗ್ರಿ, ಅಂದರೆ 88 ನಿಮಿಷ. ಸರ್ಕಾರಿ ಗಡಿಯಾರಗಳ ಅಂತರ 90 ನಿಮಿಷ. ಇದು ಆಕಸ್ಮಿಕ. ಭಾರತದ ವೇಳೆ 82.5 ಡಿಗ್ರಿ ರೇಖೆಯದು, ರಾಯಚೂರು ಅದಕ್ಕಿಂತ ಐದು ಡಿಗ್ರಿ ಪಶ್ಚಿಮಕ್ಕಿದೆ, ಆದ್ದರಿಂದ ಗಡಿಯಾರದಲ್ಲಿ ಹನ್ನೆರಡಾದರೂ ಸೂರ್ಯ ನೆತ್ತಿಗೆ ಬರಲು ಸರಾಸರಿ ಇಪ್ಪತ್ತು ನಿಮಿಷ ತಡ. ಯುಎಇ ವೇಳೆ 60 ಡಿಗ್ರಿ ರೇಖೆಯದು, ದುಬೈ ಅದಕ್ಕಿಂತ ಹೆಚ್ಚುಕಡಿಮೆ ಅಷ್ಟೇ ಪಶ್ಚಿಮಕ್ಕಿದೆ. ಎರಡೂ ಊರಿನ ಗಡಿಯಾರಗಳು ಸೂರ್ಯನಿಗಿಂತ ಒಂದೇ ಅಳತೆಯಲ್ಲಿ ಮುಂದೆ ಓಡುತ್ತವೆ. ಮನೆಯವರಿಗೆ ಬೇಕಾದದ್ದು ಇಷ್ಟು: ಅಲ್ಲಿ ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಒಂಬತ್ತೂವರೆ. ಸೌದಿಯಿಂದಾದರೆ ಹತ್ತೂವರೆ, ಮುದುಕರು ಮಲಗಿರುತ್ತಾರೆ.

ಸೌದಿಯ ಮಾತು ಬಂದದ್ದಕ್ಕೆ ಒಂದು ಎಚ್ಚರ. ನಮ್ಮ ಕಡೆ ‘ದುಬೈಗೆ ಹೋಗ್ಯಾನ’ ಎಂದರೆ ಕುವೈತ್, ರಿಯಾದ್, ದೋಹಾ ಯಾವುದೂ ಆಗಿರಬಹುದು. ಟಿಕೆಟ್ಟಿನಲ್ಲಿ ಶಾರ್ಜಾ ಇದ್ದರೆ ಚಿಂತೆಯಿಲ್ಲ, ದುಬೈಗೆ ಅಂಟಿಕೊಂಡೇ ಇದೆ. ಅಬುಧಾಬಿ ಇದ್ದರೆ ಅಲ್ಲಿಂದ ದುಬೈಗೆ ಮತ್ತೆ 140 ಕಿ.ಮೀ. ರಸ್ತೆ. ಜೆದ್ದಾ ಬೇರೆಯದೇ ಲೆಕ್ಕ: ಹೈದರಾಬಾದಿನಿಂದ ಸುಮಾರು 4,100 ಕಿ.ಮೀ., ಐದೂವರೆಯಿಂದ ಆರು ಗಂಟೆ. ಹಜ್‌ಗೆ ಹೋಗುವವರ ಪ್ರಯಾಣ ಶುರುವಾಗುವುದು ಅದಕ್ಕೂ ಮೊದಲು ಹಜ್ ಭವನದಲ್ಲಿ ಹಾಜರಾಗುವುದರಿಂದ, ಆ ದಿನವನ್ನೂ ಸೇರಿಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮ: ಇಹ್ರಾಮ್ ಧರಿಸದೆ ದಾಟಬಾರದ ಮೀಖಾತ್ ಗಡಿಯನ್ನು ವಿಮಾನ ಆಕಾಶದಲ್ಲಿರುವಾಗಲೇ ದಾಟಿಬಿಡುತ್ತದೆ. ನೇರ ಜೆದ್ದಾಗೆ ಹೋಗುವವರು ಹೈದರಾಬಾದಿನಲ್ಲೇ ಇಹ್ರಾಮ್ ಉಟ್ಟು ಹತ್ತುವುದು ಇದಕ್ಕೇ. ಹಡಗಿನಲ್ಲಿ ಈ ಅವಸರ ಇರಲಿಲ್ಲ. ಮುಂಬೈನಿಂದ ಜೆದ್ದಾಗೆ 2,300 ನಾಟಿಕಲ್ ಮೈಲಿ, ಹಳೆಯ ಹಡಗುಗಳು ಹನ್ನೆರಡರಿಂದ ಹದಿನೈದು ದಿನ ತೆಗೆದುಕೊಳ್ಳುತ್ತಿದ್ದವು. ಆ ಸೇವೆ 1995ಕ್ಕೆ ನಿಂತಿತು.

ಈಗ ಒಟ್ಟು ಹೊತ್ತನ್ನು ಕೂಡಿಸಿ. ಮಟಮಾರಿಯಿಂದ ಶಂಷಾಬಾದಿಗೆ ಐದೂಮುಕ್ಕಾಲು ಗಂಟೆ, ನಿಲ್ದಾಣದಲ್ಲಿ ಮೂರು, ಹಾರಾಟ ನಾಲ್ಕು, ದುಬೈನಲ್ಲಿ ಇಮಿಗ್ರೇಷನ್, ಸಾಮಾನು, ಕೋಣೆಗೆ ಹೋಗುವ ಗಾಡಿ ಎಂದು ಎರಡು. ಹದಿನಾಲ್ಕೂಮುಕ್ಕಾಲು. ರಸ್ತೆ, ಆಕಾಶ ಎರಡೂ ಸೇರಿದ 2,750 ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ ಗಂಟೆಗೆ 190 ಕಿ.ಮೀ.ಯೂ ಇಲ್ಲ. ವಿಮಾನ 850ರ ವೇಗದಲ್ಲಿ ಹಾರಿಯೂ ನಮ್ಮ ಸರಾಸರಿ ವಂದೇ ಭಾರತ್ ರೈಲಿನ ಗರಿಷ್ಠ 160ಕ್ಕಿಂತ ತುಸು ಮೇಲಷ್ಟೇ. ಬೆಂಗಳೂರಿನ ದಾರಿ ಹಿಡಿದರೆ ಇದು ಇನ್ನೂ ಇಳಿಯುತ್ತದೆ. ರಾತ್ರಿಯೆಲ್ಲ ರೈಲು, ದೇವನಹಳ್ಳಿಯವರೆಗೆ ಬೆಳಗಿನ ಟ್ರಾಫಿಕ್ಕು, ಆಕಾಶದಲ್ಲೂ ನೂರೈವತ್ತು ಕಿ.ಮೀ. ಹೆಚ್ಚು. ಮುಂಬೈನಿಂದ ದುಬೈ ಬರೀ 1,930 ಕಿ.ಮೀ., ಆದರೆ ಮುಂಬೈ ಮುಟ್ಟಲು ನಮಗೆ ಅರ್ಧ ದಿನ.

ರಾಯಚೂರಿನ ಯರಮರಸ್ ಬಳಿ ವಿಮಾನ ನಿಲ್ದಾಣದ ಯೋಜನೆ ಇದೆ. ಅದು ಬಂದರೆ ಈ ಹದಿನಾಲ್ಕು ಗಂಟೆ ಎಷ್ಟಾದೀತು ಎಂದು ಕೇಳುವವರಿದ್ದಾರೆ. ಇಂಥ ನಿಲ್ದಾಣಗಳಿಂದ ಸಾಮಾನ್ಯವಾಗಿ ಹಾರುವುದು ದೇಶದೊಳಗಿನ ಸಣ್ಣ ವಿಮಾನಗಳು. ಪಕ್ಕದ ಕಲಬುರಗಿಗೆ 2019ರಿಂದ ನಿಲ್ದಾಣವಿದ್ದರೂ ದುಬೈಗೆ ನೇರ ವಿಮಾನವಿಲ್ಲ. ಯರಮರಸ್‌ನಿಂದ ಹಾರಿ ದೊಡ್ಡ ನಿಲ್ದಾಣದಲ್ಲಿ ಇಳಿದು, ಅಲ್ಲಿ ರಾತ್ರಿಯ ವಿಮಾನಕ್ಕೆ ಕಾಯಬೇಕು. ಎರಡು ವಿಮಾನಗಳ ನಡುವೆ ಕಾಯುವುದು ಮೂರು ಗಂಟೆಯೋ ಹತ್ತು ಗಂಟೆಯೋ ಎಂಬುದರ ಮೇಲೆ ಉಳಿತಾಯ ನಿಂತಿದೆ. ಕೃಷ್ಣೆಯ ಸೇತುವೆ ಅಗಲವಾಗಿ, ಜಡ್ಚರ್ಲಾವರೆಗಿನ ರಸ್ತೆ ಪೂರ್ತಿ ನಾಲ್ಕು ಪಥವಾದರೆ ಒಂದು ಗಂಟೆ ಉಳಿಯುವುದಂತೂ ಖರೆ. ಅದಕ್ಕೆ ಹೊಸ ನಿಲ್ದಾಣವೇ ಬೇಕಿಲ್ಲ.

ಕರೆತರಲು ಹೋಗುವವರಿಗೆ ಕೊನೆಯ ಮಾತು. ದುಬೈನಲ್ಲಿ 20ರ ರಾತ್ರಿ 22:00ಕ್ಕೆ ಹತ್ತಿದವನು ಶಂಷಾಬಾದಿನಲ್ಲಿ ಇಳಿಯುವುದು 21ರ ಬೆಳಗಿನ ಜಾವ ಮೂರರ ಸುಮಾರಿಗೆ. ಸಾಮಾನು ಬಂದು, ಕಸ್ಟಮ್ಸ್ ದಾಟಿ ಹೊರಗೆ ಬರಲು ಇನ್ನೊಂದು ಗಂಟೆ. ಗಾಡಿ 20ರ ರಾತ್ರಿ ಹನ್ನೊಂದಕ್ಕೆ ರಾಯಚೂರು ಬಿಟ್ಟರೆ ಸಾಕು. ಡ್ರೈವರ್ ಮಧ್ಯಾಹ್ನ ಮಲಗಿ ಎದ್ದವನಾಗಿರಲಿ, ವಾಪಸ್ಸು ಹೊರಡುವುದು ನಿದ್ದೆಯ ಹೊತ್ತಿನಲ್ಲಿ.